ನಿಮಗಿದು ಗೊತ್ತೆ? ಪಿಕಪ್‌ನ ಎಳೆತ ಬರೀ ಸಿಸಿಯಲ್ಲಿಲ್ಲ

ಪಿಕಪ್ ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಎಂಜಿನ್ ಎಷ್ಟು ಸಿಸಿ ಎಂದು. ಆದರೆ ಹಿಂದಿನ ಆಕ್ಸಲ್‌ನ ಕ್ರೌನ್–ಪಿನಿಯನ್ ಹಲ್ಲುಚಕ್ರಗಳ ಲೆಕ್ಕವೂ ಅಷ್ಟೇ ಮುಖ್ಯ. ಕ್ರೌನ್‌ಗೆ 41, ಪಿನಿಯನ್‌ಗೆ 10 ಹಲ್ಲಿದ್ದರೆ ಅನುಪಾತ 4.1. ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ 4.1 ಸುತ್ತು ತಿರುಗಬೇಕು. ಕ್ರೌನ್‌ಗೆ 40 ಹಲ್ಲು ಏಕಿಡುವುದಿಲ್ಲ? ಇಟ್ಟರೆ, 40 ಅನ್ನು 10 ಸರಿಯಾಗಿ ಭಾಗಿಸುವುದರಿಂದ ಅವೇ ಹಲ್ಲುಗಳು ಮತ್ತೆ ಮತ್ತೆ ಉಜ್ಜಿ, ಸವೆತ ಒಂದೇ ಸಮ ಇರುವುದಿಲ್ಲ.

ಹರಪನಹಳ್ಳಿ, ಕೊಟ್ಟೂರು ಕಡೆ ಮೆಕ್ಕೆಜೋಳದ ಚೀಲ ಹೇರುವವರಿಗೆ ಅನುಪಾತ ಹೆಚ್ಚಿದ್ದರೇ ಒಳ್ಳೆಯದು, ಏರಿನಲ್ಲಿ ಗಾಡಿ ಸೋಲುವುದಿಲ್ಲ. ಹಡಗಲಿ ಮಲ್ಲಿಗೆಯಂಥ ಹಗುರ ಸರಕು ಹೊತ್ತು ಹೆದ್ದಾರಿಯಲ್ಲಿ ಓಡುವುದಕ್ಕೆ ಕಡಿಮೆ ಅನುಪಾತ ಸಾಕು, ಡೀಸೆಲ್ ಉಳಿಯುತ್ತದೆ.

ಇನ್ನೊಂದು ಮಾತು: ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದರೆ ಎಳೆತ ಕುಗ್ಗುತ್ತದೆ, ಸ್ಪೀಡೋಮೀಟರ್ ಕೂಡ ನಿಜ ವೇಗಕ್ಕಿಂತ ಕಡಿಮೆ ತೋರಿಸುತ್ತದೆ. ದಯವಿಟ್ಟು ಹಾಕಿಸಬೇಡಿ.