ತಾನಾಗಿ ಬಾಗಿಲು ಮುಚ್ಚಿಕೊಂಡ ಬೆಟ್ಟದ ಹಳ್ಳಿ

ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತ್ಯದಲ್ಲಿ ಈಮ್ ಎಂಬ ಪುಟ್ಟ ಹಳ್ಳಿಯೊಂದಿದೆ. ಬೆಟ್ಟದ ಇಳಿಜಾರಿನಲ್ಲಿ ಒಂದೇ ಉದ್ದನೆಯ ಬೀದಿ. ಅದರ ಎರಡೂ ಬದಿಗೆ ಬೂದು ಬಣ್ಣದ ಕಲ್ಲಿನ ಮನೆಗಳು. ಉತ್ತರಕ್ಕೆ ಊರಿನ ಬೆನ್ನಿಗೊರಗಿ ನಿಂತಂತೆ ಕಡಿದಾದ ದಿಬ್ಬ. ದಕ್ಷಿಣಕ್ಕೆ ಆಳವಾದ ಕಣಿವೆಗಳು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಹಸಿರು ಹುಲ್ಲುಗಾವಲುಗಳನ್ನು ಸಣ್ಣ ಸಣ್ಣ ತುಂಡುಗಳಾಗಿ ಹಂಚಿವೆ. ಅವುಗಳ ನಡುವೆ ಕುರಿಗಳು ಮೇಯುತ್ತಿರುತ್ತವೆ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲ್ಪಟ್ಟ ಪೀಕ್ ಡಿಸ್ಟ್ರಿಕ್ಟ್‌ನ ಒಳಗೆ ಈ ಊರಿದೆ.

ಈ ಜಾಗದಲ್ಲಿ ಊರು ಬೆಳೆಯಲು ನೀರೂ ಒಂದು ಕಾರಣ. ಮೇಲಿನ ದಿಬ್ಬ ಮರಳುಗಲ್ಲಿನದು, ಕೆಳಗಿನ ನೆಲ ಸುಣ್ಣಕಲ್ಲಿನದು. ಸುಣ್ಣಕಲ್ಲು ಬಿರುಕುಗಳಲ್ಲಿ ನೀರನ್ನು ನುಂಗಿಬಿಡುತ್ತದೆ. ಆದರೆ ಅದಕ್ಕಿಂತ ಮೇಲೆ, ದಿಬ್ಬದ ಬುಡದಲ್ಲಿ ಒರತೆಗಳು ಹೊರಬರುತ್ತವೆ. ಆ ನೀರನ್ನು ಬೀದಿಗೆ ತಂದು ತುಂಬಿಸುತ್ತಿದ್ದ ಕಲ್ಲಿನ ತೊಟ್ಟಿಗಳು ಇಂದಿಗೂ ಅಲ್ಲಿವೆ. ಕುರಿ ಸಾಕಣೆ ಮತ್ತು ಸೀಸದ ಗಣಿಗಳಿಂದ ಜನರ ಜೀವನ ಸಾಗುತ್ತಿತ್ತು.

ಬಟ್ಟೆಯೊಂದಿಗೆ ಬಂದ ಸಾವು

1665ರಲ್ಲಿ ಲಂಡನ್ ನಗರದಲ್ಲಿ ಪ್ಲೇಗ್ ಹಬ್ಬಿತ್ತು. ಆ ವರ್ಷ ಈಮ್‌ನ ದರ್ಜಿಯೊಬ್ಬನ ಮನೆಗೆ ಲಂಡನ್‌ನಿಂದ ಬಟ್ಟೆಯ ಗಂಟು ಬಂತು. ಒದ್ದೆಯಾಗಿದ್ದ ಬಟ್ಟೆಯನ್ನು ಬೆಂಕಿಯ ಮುಂದೆ ಒಣಹಾಕಲಾಯಿತೆಂದೂ ಅದರಲ್ಲಿದ್ದ ಚಿಗಟಗಳೇ ರೋಗ ತಂದವೆಂದೂ ಊರವರು ಹೇಳುತ್ತಾ ಬಂದಿದ್ದಾರೆ. ಆ ಮನೆಯಲ್ಲಿದ್ದ ಜಾರ್ಜ್ ವಿಕರ್ಸ್ ಎಂಬ ಕೆಲಸಗಾರ ಸೆಪ್ಟೆಂಬರ್ 7ರಂದು ತೀರಿಕೊಂಡ. ನಂತರ ನೆರೆಮನೆಗಳಲ್ಲಿ ಒಂದೊಂದೇ ಸಾವು. ಚಳಿಗಾಲದಲ್ಲಿ ರೋಗ ತುಸು ತಗ್ಗಿದರೂ ಬೇಸಿಗೆ ಬಂದಂತೆ ಮತ್ತೆ ತಲೆಯೆತ್ತಿತು.

ಅನುಕೂಲವಿದ್ದ ಕೆಲವರು ಆಗಲೇ ಊರು ಬಿಟ್ಟಿದ್ದರು. ಉಳಿದವರೂ ಹೊರಟರೆ ರೋಗ ಸುತ್ತಲಿನ ಊರು, ಪೇಟೆಗಳಿಗೆ ಹಬ್ಬುವ ಅಪಾಯವಿತ್ತು. ಊರಿನ ಪಾದ್ರಿ ವಿಲಿಯಂ ಮಾಂಪೆಸ್ಸನ್ ಮತ್ತು ಅವರಿಗಿಂತ ಮೊದಲು ಆ ಸ್ಥಾನದಲ್ಲಿದ್ದ ಥಾಮಸ್ ಸ್ಟ್ಯಾನ್ಲಿ ಧಾರ್ಮಿಕ ವಿಷಯಗಳಲ್ಲಿ ಭಿನ್ನಾಭಿಪ್ರಾಯ ಉಳ್ಳವರು. ಆದರೂ 1666ರ ಜೂನ್‌ನಲ್ಲಿ ಇಬ್ಬರೂ ಒಂದಾಗಿ ಜನರ ಮುಂದೆ ನಿಂತರು. ಯಾರೂ ಊರು ದಾಟಿ ಹೋಗಬಾರದು, ಯಾರೂ ಒಳಗೆ ಬರಬಾರದು ಎಂಬ ಅವರ ಮಾತಿಗೆ ಜನ ಒಪ್ಪಿದರು.

ಕಲ್ಲು ಮತ್ತು ನೀರಿನ ಗಡಿ

ಊರಿಗೆ ಕೋಟೆಯಾಗಲಿ ಕಾವಲುಗಾರರಾಗಲಿ ಇರಲಿಲ್ಲ. ಬೆಟ್ಟದಲ್ಲಿ ಇದ್ದ ವಸ್ತುಗಳೇ ಗಡಿಯ ಗುರುತುಗಳಾದವು. ಉತ್ತರದ ದಿಬ್ಬದ ದಾರಿಯಲ್ಲಿರುವ ಒರತೆಯ ಬಳಿ ಹೊರಗಿನವರು ಆಹಾರ ಇಟ್ಟು ಹೋಗುತ್ತಿದ್ದರು. ಊರವರು ಅದರ ಬೆಲೆಯನ್ನು ಹರಿಯುವ ನೀರಿನಲ್ಲಿ ಹಾಕಿಡುತ್ತಿದ್ದರು. ಇಂದು ಅದಕ್ಕೆ ಮಾಂಪೆಸ್ಸನ್ ಬಾವಿ ಎಂದು ಹೆಸರು. ಸ್ಟೋನಿ ಮಿಡಲ್‌ಟನ್ ಎಂಬ ನೆರೆಯೂರಿಗೆ ಇಳಿಯುವ ಕಾಲುದಾರಿಯಲ್ಲಿ ಗುಳಿಗಳಿರುವ ಬಂಡೆಯೊಂದಿದೆ. ಆ ಗುಳಿಗಳಲ್ಲಿ ವಿನೆಗರ್ ತುಂಬಿ ನಾಣ್ಯಗಳನ್ನು ಅದರಲ್ಲಿ ಮುಳುಗಿಸಿಡುತ್ತಿದ್ದರು. ಹತ್ತಿರದ ಚಾಟ್ಸ್‌ವರ್ತ್ ಅರಮನೆಯ ಒಡೆಯ ಡೆವನ್‌ಶೈರ್ ಅರ್ಲ್ ಕೂಡ ಆಹಾರ ಕಳುಹಿಸಿಕೊಟ್ಟರು.

ಚರ್ಚಿನ ಬಾಗಿಲು ಮುಚ್ಚಿ, ಊರ ಪಕ್ಕದ ಕಕ್ಲೆಟ್ ಡೆಲ್ಫ್ ಎಂಬ ಹುಲ್ಲಿನ ಕಣಿವೆಯಲ್ಲಿ ಪ್ರಾರ್ಥನೆ ನಡೆಯಿತು. ಪ್ರತಿಯೊಂದು ಕುಟುಂಬವೂ ದೂರ ದೂರ ನಿಲ್ಲುತ್ತಿತ್ತು. ಸತ್ತವರನ್ನು ಸ್ಮಶಾನಕ್ಕೆ ಒಯ್ಯದೆ ಆಯಾ ಮನೆಯವರೇ ತಮ್ಮ ಹಿತ್ತಲು, ಹೊಲಗಳಲ್ಲಿ ದಫನ ಮಾಡಬೇಕಾಗಿತ್ತು.

ಆ ತಾಯಿಯ ಎಂಟು ದಿನಗಳು

ಊರಿನ ಪೂರ್ವಕ್ಕೆ ಬೆಟ್ಟದ ಬದಿಯ ಹುಲ್ಲುಗಾವಲಿನಲ್ಲಿ ದುಂಡನೆಯ ಕಲ್ಲುಗೋಡೆಯೊಂದು ಕಾಣುತ್ತದೆ. ಅದರೊಳಗೆ ಹ್ಯಾನ್‌ಕಾಕ್ ಕುಟುಂಬದವರ ಸಮಾಧಿಗಳ ಕಲ್ಲುಗಳಿವೆ. 1666ರ ಆಗಸ್ಟ್ 3ರಿಂದ 10ರೊಳಗೆ ಎಲಿಜಬೆತ್ ಹ್ಯಾನ್‌ಕಾಕ್ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ಹೆಗಲು ಕೊಡಲು ನೆರೆಯವರು ಬರುವಂತಿರಲಿಲ್ಲ. ತನ್ನ ಕೈಯಾರೆ ಮಣ್ಣು ಅಗೆದು ಏಳೂ ಜನರನ್ನು ಆಕೆಯೇ ಮಣ್ಣು ಮಾಡಿದಳು. ಎದೆಗವಚಿಕೊಂಡು ಬೆಳೆಸಿದ ಮಕ್ಕಳನ್ನು ಹೀಗೆ ಒಬ್ಬಳೇ ಹೊತ್ತೊಯ್ಯುವಾಗ ಆ ತಾಯಿಯ ಕರುಳು ಹೇಗೆ ಬೆಂದಿರಬೇಡ!

ಪಾದ್ರಿಯ ಪತ್ನಿ ಕ್ಯಾಥರೀನ್ ಮಕ್ಕಳನ್ನು ಮೊದಲೇ ಹೊರಗೆ ಕಳುಹಿಸಿದ್ದಳು. ಆದರೆ ತಾನು ಮಾತ್ರ ಗಂಡನ ಜೊತೆ ಉಳಿದಳು. ಅದೇ ಆಗಸ್ಟ್ 25ರಂದು ಆಕೆಯೂ ಪ್ಲೇಗಿಗೆ ಬಲಿಯಾದಳು.

1666ರ ನವೆಂಬರ್ 1ರಂದು ಕೊನೆಯ ಸಾವು ಸಂಭವಿಸಿತು. ಅಷ್ಟರಲ್ಲಿ ಸುಮಾರು 260 ಮಂದಿ ತೀರಿಕೊಂಡಿದ್ದರು. 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ ಇಲ್ಲಿ ಸುಮಾರು ಮುಕ್ಕಾಲು ಪಾಲು ಸೋಂಕು ಮನುಷ್ಯರಿಂದ ಮನುಷ್ಯರಿಗೆ, ಅದರಲ್ಲೂ ಒಂದೇ ಮನೆಯೊಳಗೆ ಹೆಚ್ಚಾಗಿ ಹರಡಿತ್ತು. ಅಂದರೆ ಹೊರಗಿನವರನ್ನು ಕಾಪಾಡಲು ಹಾಕಿಕೊಂಡ ಗಡಿಯೊಳಗೆ ತಮ್ಮವರ ಆರೈಕೆ ಮಾಡುವುದೇ ಅವರಿಗೆ ಅತ್ಯಂತ ಅಪಾಯಕಾರಿಯಾಗಿತ್ತು.

2020ರಲ್ಲಿ ಕೊರೊನಾ ಬಂದಾಗ ನಾವೂ ಬಾಗಿಲು ಮುಚ್ಚಿ ಕುಳಿತವರು. ಪ್ರೀತಿಪಾತ್ರರ ಮುಖವನ್ನು ಕೊನೆಯ ಬಾರಿ ನೋಡಲಾಗದೆ ಅತ್ತ ಮನೆಗಳು ನಮ್ಮ ನಡುವೆಯೂ ಇವೆ. ಅದರ ಸಂಕಟ ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈಮ್‌ನಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳ ಕೊನೆಯ ಭಾನುವಾರ ಆ ಮಡಿದವರ ಸ್ಮರಣೆ ನಡೆಯುತ್ತದೆ. ಗಡಿಯ ಬಂಡೆಯ ಗುಳಿಗಳಲ್ಲಿ ಪ್ರವಾಸಿಗರು ಈಗಲೂ ನಾಣ್ಯಗಳನ್ನಿಡುತ್ತಾರೆ. ಆ ಬಂಡೆಯಿಂದ ಕೆಳಗಿನ ನೆರೆಯೂರಿಗೆ ಸ್ವಲ್ಪವೇ ದೂರ. ಮಕ್ಕಳನ್ನು ಎತ್ತಿಕೊಂಡು ಆ ದಾರಿಯಲ್ಲಿ ಇಳಿದುಬಿಡಬಹುದಿತ್ತು. ಕಣಿವೆಯ ಆಚೆಯ ಮನೆಗಳಲ್ಲೂ ಮಕ್ಕಳಿದ್ದಾರೆ ಎಂಬುದನ್ನು ಆ ತಾಯಂದಿರು ಮರೆಯಲಿಲ್ಲ.