ಶಾಸನಗಳ ಛಾಯಾಗ್ರಹಣ : ಪ್ರವಾಸದ ಸಲಕರಣೆಗಳು

ಕಾಡಿನ ನಡುವಣ ಶಿಲಾಶಾಸನ, ವೀರಗಲ್ಲುಗಳನ್ನು ಅರಸಿ ಹೋಗುವ ಸಂಶೋಧಕನಿಗೆ ಮರಳಿ ಅಲ್ಲಿಗೆ ಹೋಗುವ ಅವಕಾಶವು ಸುಲಭವಾಗಿ ಒದಗುವುದಿಲ್ಲ. ಕಲ್ಲಾದರೋ ಮಳೆಗಾಳಿಗಳಿಗೆ ಸವೆಯುತ್ತಲೇ ಇರುತ್ತದೆ. ಇಂದು ಓದಬಲ್ಲ ಅಕ್ಷರವು ಮುಂದೆ ಚಿತ್ರದಲ್ಲಿ ಮಾತ್ರವೇ ಉಳಿಯಬಹುದು. ಆದಕಾರಣ ಚೀಲದಲ್ಲಿ ಏನನ್ನು ಇಡಬೇಕೆಂಬುದು ಸಂಶೋಧನೆಯ ವಿಧಾನಕ್ಕೇ ಸೇರಿದ ಪ್ರಶ್ನೆಯಾಗಿದೆ.

ಮೊದಲನೆಯದಾಗಿ ಬೆಳಕನ್ನು ವಿಚಾರಿಸೋಣ. ಎದುರಿನಿಂದ ಬೀಳುವ ಬೆಳಕಿನಲ್ಲಿ ಸವೆದ ಅಕ್ಷರಗಳು ಸ್ಪಷ್ಟವಾಗಿ ಕಾಣವು. ಪಕ್ಕದಿಂದ, ಕಲ್ಲಿನ ಮೈಯನ್ನು ಸವರುವಂತೆ ಬೆಳಕು ಬಿದ್ದಾಗ ಗೆರೆಗಳ ತಗ್ಗಿನಲ್ಲಿ ನೆರಳು ನಿಂತು ಲಿಪಿಯು ಎದ್ದುತೋರುತ್ತದೆ. ಆದುದರಿಂದ ಹೆಚ್ಚಿನ ಲೆನ್ಸುಗಳಿಗಿಂತ ಟಾರ್ಚು, ಟ್ರೈಪಾಡು, ಅಳತೆಪಟ್ಟಿ, ಧೂಳು ತೆಗೆಯಲು ಮೃದುವಾದ ಕುಂಚ ಇವೇ ಹೆಚ್ಚು ಅವಶ್ಯಕವಾದುವು.

ಎರಡನೆಯದು ತೇವ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂತಹ ಪ್ರದೇಶದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದುಂಟು. ಅದು ಬಹುಕಾಲ ನಿಂತರೆ ಗಾಜಿನ ಮೇಲಣ ಲೇಪವೇ ಕೆಡುತ್ತದೆ. ಗಾಳಿ ಹೋಗದಂತೆ ಮುಚ್ಚುವ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನೊಡನೆ ಕ್ಯಾಮರಾವನ್ನು ಇಡುವುದು ಇದಕ್ಕೆ ಪರಿಹಾರ. ತೇವವನ್ನು ಹೀರಿದ ಜೆಲ್ಲನ್ನು ಹದವಾಗಿ ಕಾಯಿಸಿ ಮತ್ತೆ ಬಳಸಬಹುದು. ಒದ್ದೆ ಬಟ್ಟೆಯನ್ನು ಅದೇ ಚೀಲದಲ್ಲಿ ತುಂಬಲಾಗದು.

ಮೂರನೆಯದು ಚಿತ್ರಗಳ ರಕ್ಷಣೆ. ವಿದ್ಯುತ್ತು ದೊರೆಯದೆಂದೇ ಭಾವಿಸಿ ಬ್ಯಾಟರಿಗಳನ್ನು ಒಯ್ಯಬೇಕು. ಪ್ರತಿಸಂಜೆಯೂ ಚಿತ್ರಗಳ ಪ್ರತಿಯೊಂದನ್ನು ಮಾಡಿ, ಮೂಲವನ್ನೂ ಪ್ರತಿಯನ್ನೂ ಇಬ್ಬರ ಚೀಲಗಳಲ್ಲಿ ಬೇರೆಬೇರೆಯಾಗಿ ಇಡತಕ್ಕದ್ದು. ಒಂದು ಹೊಳೆಯಲ್ಲಿ ಬಿದ್ದರೂ ಇನ್ನೊಂದು ಉಳಿಯುತ್ತದೆ. ಊರು, ದಿನಾಂಕ, ಕಲ್ಲು ನಿಂತ ಸ್ಥಳ ಇವುಗಳನ್ನು ಗುರುತಿಸಲು ಪುಸ್ತಕ, ಪೆನ್ಸಿಲುಗಳೂ ಜೊತೆಗಿರಲಿ. ಎಲ್ಲಿಯದೆಂದು ತಿಳಿಯದ ಚಿತ್ರವು ಎಷ್ಟೇ ಸೊಗಸಾಗಿದ್ದರೂ ಆಧಾರವೆನಿಸಲಾರದು.