ಉಪಗ್ರಹವೂ ಬಾಂದುಕಲ್ಲೂ

ಶಿವಮೊಗ್ಗದ ವಿನೋಬನಗರದಲ್ಲಿಯೋ ಭದ್ರಾವತಿಯ ಜನ್ನಾಪುರದಲ್ಲಿಯೋ ಮನೆ ಮಾಡಿಕೊಂಡು, ಪಿತ್ರಾರ್ಜಿತವಾದ ಎರಡೆಕರೆ ತೋಟವನ್ನು ಕೊಯ್ಲಿನ ಹೊತ್ತಿಗೆ ಮಾತ್ರ ನೋಡಿಬರುವ ಗೃಹಸ್ಥರು ಇಂದು ಅನೇಕರಿದ್ದಾರೆ. ಬೇಲಿ ಕುಸಿದು, ಬಾಂದುಕಲ್ಲು ಮಣ್ಣಿನಲ್ಲಿ ಹೂತು, ನೆರೆಯವರ ಅಡಕೆಸಸಿಗಳ ಸಾಲು ಹೋದ ವರ್ಷಕ್ಕಿಂತ ತುಸು ಇತ್ತ ಸರಿದಂತೆ ತೋರಿದಾಗ, ಅವರ ಕೈ ಮೊದಲು ಹೋಗುವುದು ಜೇಬಿನ ಮೊಬೈಲಿಗೆ. ಭೂಮಾಪನ ಇಲಾಖೆಯ ‘ದಿಶಾಂಕ್’ ಆ್ಯಪನ್ನು ತೆರೆದರೆ ಗ್ರಾಮನಕ್ಷೆಯ ಗೆರೆಗಳು ಪರದೆಯ ಮೇಲೆ ಮೂಡಿ, ತಾವು ನಿಂತ ನೆಲದ ಸರ್ವೆ ನಂಬರು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಕೊಳ್ಳಬೇಕೆಂದಿರುವ ಜಮೀನಿನ ಪಕ್ಕದಲ್ಲಿ ಸರಕಾರಿ ಕೆರೆಯೋ ಗೋಮಾಳವೋ ಇದೆಯೇ ಎಂಬುದನ್ನು ಯಾರ ಹಂಗೂ ಇಲ್ಲದೆ ಅರಿಯಬಹುದಾದ್ದು ಸಾಮಾನ್ಯ ಉಪಕಾರವೇನೂ ಅಲ್ಲ. ಆದರೆ ಸರ್ವೆ ನಂಬರನ್ನು ತಿಳಿಯುವುದು ಬೇರೆ, ಎಲ್ಲೆಯನ್ನು ನಿಶ್ಚಯಿಸುವುದು ಬೇರೆ. ಪರದೆಯ ಗೆರೆಯನ್ನೇ ನಂಬಿ ಗೂಟ ಹೊಡೆಯಲು ಹೊರಟವರು ಅನೇಕ ವೇಳೆ ನೆರೆಯವರೊಡನೆ ಕಲಹವನ್ನಲ್ಲದೆ ಮತ್ತೇನನ್ನೂ ಸಂಪಾದಿಸಲಾರರು.

ನೆಲವನ್ನು ಅಳೆಯುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನು ಏರ್ಪಡಿಸಿದ ಕಂದಾಯ ವ್ಯವಸ್ಥೆ ‘ಶಿಸ್ತು’ ಎಂಬ ಹೆಸರಿನಿಂದ ಇಂದಿಗೂ ಜನರ ನೆನಪಿನಲ್ಲಿದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಂಬಗಳ ನಡುವಣ ಅಂತರವೇ ತೋಟದ ಅಳತೆಗೆ ಪ್ರಮಾಣವಾಗಿತ್ತೆಂದೂ, 18 ಅಡಿ 6 ಅಂಗುಲದ ಆ ಕೋಲು ಒಂದು ಮರಕ್ಕೆ ಬಿಡತಕ್ಕ ಜಾಗವಾದ ‘ದಾಯ’ವನ್ನು ಸೂಚಿಸುತ್ತಿತ್ತೆಂದೂ ಹಳೆಯ ಗೆಜೆಟಿಯರಿನಲ್ಲಿ ಹೇಳಿದೆ. ಅಳತೆಗೋಲನ್ನು ಕಲ್ಲಿನಲ್ಲಿ, ಅದರಲ್ಲಿಯೂ ದೇವರ ಎದುರಿಗೆ ನಿಲ್ಲಿಸಿದ ಆ ಬುದ್ಧಿಯನ್ನು ಮೆಚ್ಚಬೇಕು. ಗದ್ದೆಗಳ ವಿಸ್ತಾರವನ್ನಾದರೋ ಬಿತ್ತುವ ಬೀಜದ ಪರಿಮಾಣದಿಂದ, ಖಂಡುಗ ಕೊಳಗಗಳಲ್ಲಿ ಹೇಳುವುದು ವಾಡಿಕೆಯಾಗಿತ್ತು. ಅದರಿಂದ ಕಂದಾಯವನ್ನು ಕಟ್ಟಬಹುದಾಗಿತ್ತೇ ಹೊರತು, ಕಳೆದುಹೋದ ಮೂಲೆಯೊಂದನ್ನು ಮರಳಿ ಕಂಡುಹಿಡಿಯಲು ಸಾಧ್ಯವಿರಲಿಲ್ಲ.

ಆ ಸಾಧ್ಯತೆ ಒದಗಿದ್ದು 1863ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಮುಂಬಯಿ ಪದ್ಧತಿಯ ರೆವಿನ್ಯೂ ಸರ್ವೆ ಆರಂಭವಾದ ಮೇಲೆ. ಸರ್ವೆಯವರ ಸರಪಳಿಯ ಉದ್ದ 33 ಅಡಿ, ಅದರಲ್ಲಿ 16 ಆಣೆ. ಸರಪಳಿಯುದ್ದ ಸರಪಳಿಯಗಲದ ನೆಲ ಒಂದು ಗುಂಟೆ, ಅಂದರೆ 1089 ಚದರಡಿ. ಅಂತಹ 40 ಗುಂಟೆ ಒಂದು ಎಕರೆ. ಹೊಲದ ಒಂದು ಕೊನೆಯಿಂದ ಇನ್ನೊಂದಕ್ಕೆ ಆಧಾರರೇಖೆಯನ್ನು ಹಿಡಿದು, ಅದರಿಂದ ಪ್ರತಿಯೊಂದು ಮೂಲೆಗೂ ಲಂಬವಾಗಿ ಅಳೆದು, ಆ ಅಂಕಿಗಳನ್ನು ಕೈಬರಹದ ಚಿತ್ರವೊಂದರಲ್ಲಿ ಗುರುತಿಸಿ ಇಟ್ಟರು. ಇದೇ ಟಿಪ್ಪಣಿ. ಟಿಪ್ಪಣಿಯ ಚಿತ್ರವು ಪ್ರಮಾಣಬದ್ಧವಾದುದಲ್ಲ, ನೋಡಲು ಓರೆಕೋರೆಯಾಗಿಯೂ ಇರಬಹುದು. ಅದರ ಜೀವವಿರುವುದು ಅಂಕಿಗಳಲ್ಲಿ. ಪಹಣಿಯು ಒಡೆಯನಾರು, ವಿಸ್ತಾರವೆಷ್ಟು, ಬೆಳೆಯೇನು ಎಂಬುದನ್ನು ಹೇಳುತ್ತದೆ. ಆಕಾರಬಂದ್ ಆ ಸರ್ವೆ ನಂಬರಿನ ಒಟ್ಟು ವಿಸ್ತಾರವನ್ನೂ ಅದರಲ್ಲಿ ಸೇರಿದ, ಸಾಗುವಳಿಗೆ ಬಾರದ ಖರಾಬನ್ನೂ ಹೇಳುತ್ತದೆ. ಜಮೀನಿನ ಆಕೃತಿಯನ್ನು ಅಂಕಿಗಳಲ್ಲಿ ಕಾದಿಟ್ಟಿರುವುದು ಟಿಪ್ಪಣಿಯೊಂದೇ. ಜಮೀನಿನ ಕಾಗದಪತ್ರವೆಂದರೆ ಪಹಣಿ ಎಂದು ತಿಳಿದು, ಟಿಪ್ಪಣಿಯ ನಕಲನ್ನು ಒಮ್ಮೆಯೂ ಕಣ್ಣಿಟ್ಟು ನೋಡದ ಭೂಮಾಲೀಕರೇ ನಮ್ಮಲ್ಲಿ ಹೆಚ್ಚೆಂದು ತೋರುತ್ತದೆ.

ಗ್ರಾಮನಕ್ಷೆಯು ಇಂತಹ ಟಿಪ್ಪಣಿಗಳನ್ನೆಲ್ಲ ಕೂಡಿಸಿ ಬರೆದದ್ದು. ಸಾಮಾನ್ಯವಾಗಿ ಅದರಲ್ಲಿ ಒಂದು ಅಂಗುಲವೆಂದರೆ ನೆಲದ ಮೇಲೆ 660 ಅಡಿ. ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರು ದಪ್ಪದ ಮಸಿಯ ಗೆರೆಯೊಂದು ಭೂಮಿಯ ಮೇಲೆ ಸುಮಾರು 4 ಮೀಟರಿನಷ್ಟು ಅಗಲವನ್ನು ಮುಚ್ಚಿಬಿಡುತ್ತದೆ. ಕಾಗದವು ಕಾಲಕ್ರಮದಲ್ಲಿ ಕುಗ್ಗಿ ಹಿಗ್ಗಿರುವುದೂ ಉಂಟು. ಆ ನಕ್ಷೆಗಳಲ್ಲಿ ಅಕ್ಷಾಂಶ ರೇಖಾಂಶಗಳ ಪ್ರಸ್ತಾಪವೇ ಇರಲಿಲ್ಲವಾದ್ದರಿಂದ, ಅವುಗಳನ್ನು ಗಣಕಯಂತ್ರಕ್ಕೆ ಏರಿಸುವಾಗ ರಸ್ತೆ, ಹಳ್ಳ, ಕೆರೆಯ ಏರಿ ಮೊದಲಾದ ಗುರುತುಗಳಿಗೆ ಹೊಂದಿಸಿ ಉಪಗ್ರಹ ಚಿತ್ರದ ಮೇಲೆ ಕೂರಿಸಬೇಕಾಯಿತು. ಮೊಬೈಲಿನಲ್ಲಿ ಕೂದಲೆಳೆಯಂತೆ ಸೂಕ್ಷ್ಮವಾಗಿ ಕಾಣುವ ಗೆರೆ ಇಷ್ಟೆಲ್ಲ ಅನಿಶ್ಚಯವನ್ನು ಒಡಲಲ್ಲಿ ಅಡಗಿಸಿಕೊಂಡು ಬಂದಿರುವಂಥದು.

ಇನ್ನು ನಾವು ನಿಂತಿರುವ ತಾಣವನ್ನು ತೋರುವ ಬಿಂದುವಿನ ವಿಚಾರ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಾವಿರುವ ಸ್ಥಾನವನ್ನೂ ಆ ಕ್ಷಣದ ಕಾಲವನ್ನೂ ಎಡೆಬಿಡದೆ ಸಾರುತ್ತಿರುತ್ತವೆ. ಆ ಸಂಕೇತ ಬಂದು ಸೇರಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕಹಾಕಿ, ಕಡಮೆಯೆಂದರೆ ನಾಲ್ಕು ಉಪಗ್ರಹಗಳ ನೆರವಿನಿಂದ ಮೊಬೈಲು ತನ್ನ ಸ್ಥಾನವನ್ನು ಗೊತ್ತುಮಾಡಿಕೊಳ್ಳುತ್ತದೆ. ಕಾಲಗಣನೆಯಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ನೆಲದ ಮೇಲೆ 300 ಮೀಟರು ತಪ್ಪುವುದೆಂದರೆ, ಈ ವಿದ್ಯೆ ಎಷ್ಟು ನಾಜೂಕಿನದೆಂಬುದನ್ನು ಊಹಿಸಬಹುದು. ಬಯಲಿನಲ್ಲಿ ಸ್ವಚ್ಛವಾದ ಆಕಾಶದ ಕೆಳಗೆ ಒಳ್ಳೆಯ ಮೊಬೈಲಿನ ದೋಷ ಸುಮಾರು 5 ಮೀಟರು, ಅಂದರೆ 16 ಅಡಿ. ದಟ್ಟವಾದ ಅಡಕೆತೋಟದಲ್ಲಾದರೆ ಸಂಕೇತವು ಸೋಗೆಗಳಿಂದ ಕುಂದಿ, ಕಾಂಡಗಳಿಗೆ ತಾಗಿ ಪ್ರತಿಫಲಿಸಿ, ದೋಷವು ಇನ್ನೂ ಬೆಳೆಯುತ್ತದೆ. 200 ಅಡಿ ಉದ್ದದ ಒಂದು ಎಲ್ಲೆ 16 ಅಡಿ ಸರಿದರೆ ಹೆಚ್ಚುಕಡಮೆ ಮೂರು ಗುಂಟೆ ನೆಲ ಕೈಬದಲಾಯಿತು. 9 ಅಡಿಗೊಂದರಂತೆ ಗಿಡ ನೆಟ್ಟ ತೋಟದಲ್ಲಿ ಅದು ಎರಡು ಸಾಲು, ನಲವತ್ತಕ್ಕೂ ಮೀರಿದ ಮರಗಳು. ಅಡಕೆಯ ಧಾರಣೆಯನ್ನು ಬಲ್ಲ ಶಿವಮೊಗ್ಗದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭೂಮಾಪಕರು ಈಗ ತರುತ್ತಿರುವ ರೋವರ್ ಎಂಬ ಉಪಕರಣ ಈ ದೋಷವನ್ನು ಬಹುಮಟ್ಟಿಗೆ ನೀಗುತ್ತದೆ. ಸ್ಥಾನವು ಮೊದಲೇ ನಿಷ್ಕರ್ಷೆಯಾಗಿ ತಿಳಿದಿರುವ ಸ್ಥಿರಕೇಂದ್ರವೊಂದು ಉಪಗ್ರಹದ ಲೆಕ್ಕದಲ್ಲಿ ಆ ಗಳಿಗೆಯ ತಪ್ಪೆಷ್ಟೆಂಬುದನ್ನು ಕಂಡುಕೊಂಡು, ಮೊಬೈಲು ಜಾಲದ ಮೂಲಕ ರೋವರಿಗೆ ತಿಳಿಸುತ್ತದೆ. ತಿದ್ದುಪಡಿಯಾದ ಮೇಲೆ ಉಳಿಯುವ ದೋಷ ಕೆಲವೇ ಸೆಂಟಿಮೀಟರು. ಮಲೆನಾಡಿನ ಅಂಚಿನ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಕ್ಕದೆ ಆ ತಿದ್ದುಪಡಿಯೇ ಬಂದು ತಲುಪದಿರುವುದುಂಟೆಂಬ ಮಾತು ಬೇರೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಮೂಲ ಟಿಪ್ಪಣಿಯ ಅಂಕಿಗಳಿರುವುದು ಸರಪಳಿ ಆಣೆಗಳಲ್ಲಿ, ಒಂದು ಆಣೆಯೆಂದರೆ ಎರಡು ಅಡಿಗಿಂತ ತುಸು ಹೆಚ್ಚು. ಅಡಿಗಳ ಲೆಕ್ಕದಲ್ಲಿ ಬರೆದಿಟ್ಟದ್ದನ್ನು ಸೆಂಟಿಮೀಟರುಗಳಲ್ಲಿ ಅಳೆದ ಮಾತ್ರಕ್ಕೆ ಬರೆದವನ ಕಾಲದ ಸ್ಥೂಲತೆ ಸೂಕ್ಷ್ಮವಾಗುವುದಿಲ್ಲ.

ಆದಕಾರಣವೇ ಎಲ್ಲೆಯನ್ನು ಅಳೆದು ಗುರುತಿಸಿಕೊಡುವ ಹದ್ದುಬಸ್ತಿನ ಕ್ರಮವು ಯಂತ್ರ ಬದಲಾದರೂ ತನ್ನ ಮೂಲಸ್ವರೂಪವನ್ನು ಬಿಟ್ಟಿಲ್ಲ. ಅರ್ಜಿಯು ‘ಮೋಜಿಣಿ’ ವ್ಯವಸ್ಥೆಯಲ್ಲಿ ದಾಖಲಾಗಿ, ಸುತ್ತಣ ಜಮೀನಿನವರಿಗೆ ನೋಟೀಸು ಹೋಗಿ, ಗೊತ್ತಾದ ದಿನ ಸರ್ವೆಯರು ಟಿಪ್ಪಣಿಯ ನಕಲಿನೊಡನೆ ಬರುತ್ತಾರೆ. ಅನುಭವಿಯಾದ ಸರ್ವೆಯರು ಮೊದಲು ಹುಡುಕುವುದು ವಿವಾದದ ಮೂಲೆಯನ್ನಲ್ಲ, ಯಾರೂ ವಿವಾದವೆತ್ತದ ಕಲ್ಲುಗಳನ್ನು: ಮೂರು ಗ್ರಾಮಗಳ ಎಲ್ಲೆ ಕೂಡುವೆಡೆಯ ಕಲ್ಲು, ಪಕ್ಕದ ಸರ್ವೆ ನಂಬರಿನಲ್ಲಿ ಅಲುಗಾಡದೆ ನಿಂತಿರುವ ಬಾಂದು, ಹಳೆಯ ಬದುವಿನ ತಿರುವು. ಅಂಥವುಗಳ ನಡುವಣ ದೂರಗಳು ಟಿಪ್ಪಣಿಗೆ ತಾಳೆಯಾದ ಮೇಲೆ, ಕಳೆದುಹೋದ ಕಲ್ಲಿನ ಸ್ಥಳವು ಗಣಿತದಿಂದ ತಾನಾಗಿ ಸಿದ್ಧಿಸುತ್ತದೆ. ಹಾಗೆ ಸಿದ್ಧಿಸಿದ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ರೋವರ್ ಬರೆದಿಟ್ಟುಕೊಂಡರೆ, ಮುಂದೆ ಜೆಸಿಬಿಯೊಂದು ಆ ಕಲ್ಲನ್ನು ಕಿತ್ತೆಸೆದರೂ ಅದೇ ಎಡೆಯಲ್ಲಿ ಮತ್ತೆ ನೆಡಬಹುದು. ನನ್ನ ಮತದಲ್ಲಿ ಈ ಯಂತ್ರದಿಂದ ರೈತನಿಗೆ ಆಗುವ ನಿಜವಾದ ಲಾಭ ಇದು. ಅಳತೆಗೆ ಒಪ್ಪದವರು ಭೂದಾಖಲೆಗಳ ಉಪನಿರ್ದೇಶಕರಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಗೆರೆಯೇ ಹುಟ್ಟದಿರುವೆಡೆ ಮಾತ್ರ ಯಾವ ಯಂತ್ರವೂ ನಿರುಪಾಯ. ನಾಲ್ವರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು, ಪಹಣಿಯಲ್ಲಿ ನಾಲ್ಕು ಹೆಸರುಗಳು ಒಟ್ಟಿಗೇ ಉಳಿದು, ಪಾಲುಗಳನ್ನು ಅಳೆದು ಬೇರ್ಪಡಿಸುವ ಪೋಡಿಯು ಆಗದೆ ಬಿದ್ದಿರುವ ಜಮೀನಿನಲ್ಲಿ ಹಿಸ್ಸೆಯ ಎಲ್ಲೆ ದಾಖಲೆಯೊಳಗೆ ಇಲ್ಲವೇ ಇಲ್ಲ. ಸರಕಾರಿ ಸರ್ವೆ ನಂಬರುಗಳಲ್ಲಿ ಮಂಜೂರು ಮಾಡಿದ ವಿಸ್ತಾರವನ್ನೆಲ್ಲ ಕೂಡಿಸಿದರೆ ಆಕಾರಬಂದಿನ ವಿಸ್ತಾರವನ್ನೇ ಮೀರುವ ಪ್ರಸಂಗಗಳೂ ಇವೆ. ಭದ್ರಾವತಿಯ ಗದ್ದೆಬಯಲಿನಲ್ಲಿ, ಲಕ್ಕವಳ್ಳಿಯ ಅಣೆಕಟ್ಟಿನಿಂದ ಹೊರಟ ಭದ್ರಾ ನಾಲೆಗಳು ಹಳೆಯ ಸರ್ವೆ ನಂಬರುಗಳನ್ನು ಸೀಳಿಕೊಂಡು ಹೋಗಿವೆ. ನಾಲೆಗೆ ಹೋದ ನೆಲವನ್ನು ದಾಖಲೆಯಲ್ಲಿ ಇಳಿಸದೆ ಉಳಿದಿದ್ದರೆ, ರೈತನು ಪಹಣಿಯಲ್ಲಿ ಕಾಣುವ ಗುಂಟೆಗಳನ್ನು ನೆಲದ ಮೇಲೆ ಎಷ್ಟು ಹುಡುಕಿದರೂ ಸಿಕ್ಕಲಾರವು.

ಇವೆಲ್ಲಕ್ಕಿಂತ ಜಟಿಲವಾದುದು ಶರಾವತಿ ಮುಳುಗಡೆಯವರ ಸ್ಥಿತಿ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆಮಠಗಳನ್ನು ಬಿಟ್ಟು ಬಂದವರಲ್ಲಿ ಅನೇಕರನ್ನು ಶಿವಮೊಗ್ಗ, ಭದ್ರಾವತಿ ಮೊದಲಾದ ತಾಲ್ಲೂಕುಗಳ ಅರಣ್ಯದ ನೆಲದಲ್ಲಿ ನೆಲೆಗೊಳಿಸಲಾಯಿತು. ಆ ನೆಲವನ್ನು ಅರಣ್ಯದಿಂದ ಬಿಡಿಸುವ ಕಾರ್ಯ ಕ್ರಮಬದ್ಧವಾಗಿ ಮುಗಿಯದೆ ಉಳಿದು, 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ತರುವಾಯ ಕೇಂದ್ರ ಸರಕಾರದ ಅನುಮತಿಯೂ ಬೇಕಾಗಿ, ಮೂರನೆಯ ತಲೆಮಾರಿನವರು ತಮ್ಮದೆಂದು ಉಳುತ್ತಿರುವ ಗದ್ದೆಗೆ ಹಕ್ಕುಪತ್ರವು ಇನ್ನೂ ಗಟ್ಟಿಯಾಗಿಲ್ಲ. ಕಂದಾಯ ಮತ್ತು ಅರಣ್ಯ ಇಲಾಖೆಗಳು ಇಂತಹ ಜಮೀನುಗಳಲ್ಲಿ ಜಂಟಿ ಸರ್ವೆಯನ್ನು ಕೈಗೊಂಡಿವೆ. ಅಳತೆಯಾದ ನೆಲದ ಆಕೃತಿಯೂ ವಿಸ್ತಾರವೂ ನಕ್ಷೆಯಲ್ಲಿ ಸ್ಪಷ್ಟವಾಗಿ ಮೂಡುತ್ತವೆ, ಆದರೆ ಆ ನಕ್ಷೆಗೆ ಪಹಣಿಯಲ್ಲಿ ಒಂದು ಹೆಸರು ಸೇರಬೇಕಾದರೆ ದೆಹಲಿಯ ಒಪ್ಪಿಗೆ ಬರಬೇಕು.